ಕ್ಯಾಮೆರಾ ಮುಂದೆ ಬಾಯಿ ಬಿಡಿಸಿದ ಕಥೆ

ಎದುರಿಗೆ ಜನರೇ ಇಲ್ಲದೆ ಮಾತಾಡುವುದನ್ನು ಕಲಿಸುವ ಕೆಲಸ ಹಿಡಿದವನಿಗೆ ಪೇಚಾಟ ತಪ್ಪಿದ್ದಲ್ಲ. ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕ. ನನ್ನ ಪಾಠ ವಿಡಿಯೋ ಕ್ಯಾಸೆಟ್ಟಿನಲ್ಲಿ ಸುತ್ತಲ ತಾಲ್ಲೂಕುಗಳಿಗೆ ಹೋಗಬೇಕು, ಹುಡುಗರು ಅದನ್ನು ನೋಡಿ ತಾವೂ ಕ್ಯಾಮೆರಾ ಮುಂದೆ ಮಾತಾಡಬೇಕು. ಅಂಥ ಕೋರ್ಸು ರೂಪಿಸುವ ಹೊಣೆ ನನ್ನ ತಲೆ ಮೇಲೆ ಬಿತ್ತು. ಕೋರ್ಸು ಉಳಿದರೆ ನನ್ನ ಕೆಲಸವೂ ಉಳಿಯುತ್ತಿತ್ತು, ಇಲ್ಲದಿದ್ದರೆ ಮನೆ ದಾರಿ.

ಮದುವೆ ಕ್ಯಾಮೆರಾ

ಕ್ಯಾಮೆರಾ ಹಿಡಿಯಲು ನಮಗೆ ಸಿಕ್ಕವನು ಮದುವೆಗಳ ವಿಡಿಯೋ ತೆಗೆಯುವವನು. ಶ್ರೀರಂಗಪಟ್ಟಣದಲ್ಲಿ ಮೊದಲ ವಿದ್ಯಾರ್ಥಿಯ ಮುಖಕ್ಕೆ ಲೈಟು ಬಿಟ್ಟ. ಹುಡುಗ ತಲೆ ಬಾಚಿಕೊಂಡು, ಕೈ ಕಟ್ಟಿಕೊಂಡು, ಹಲ್ಲು ಬಿಟ್ಟು ನಿಂತ. ನಿಂತೇ ಇದ್ದ.

"ಮಾತಾಡಪ್ಪಾ" ಅಂದೆ.

ಹಲ್ಲು ಮುಚ್ಚದೆಯೇ ಹೇಳಿದ: "ಪೋಟ ಮುಗೀಲಿ ಇರಿ ಸಾ. ಅಳ್ಳಾಡುದ್ರೆ ಕೆಟ್ಟೋಯ್ತದೆ."

ಗೌರವ

ಕೆ.ಆರ್. ಪೇಟೆಯಲ್ಲಿ ಒಂದು ಉಪಾಯ ಹೇಳಿಕೊಟ್ಟೆ. ಕ್ಯಾಮೆರಾ ಒಳಗೆ ನಿಮಗೆ ತುಂಬ ಬೇಕಾದವರು ಕೂತಿದ್ದಾರೆ ಅಂದುಕೊಳ್ಳಿ, ಮಾತು ತಾನಾಗಿ ಬರುತ್ತದೆ ಅಂದೆ. ಕಾಲೇಜಿಗೇ ವಾಚಾಳಿಯಾದ ಒಬ್ಬ ಮುಂದೆ ಬಂದ. ಬಂದವನೇ ಎತ್ತಿ ಕಟ್ಟಿದ್ದ ಪಂಚೆ ಇಳಿಬಿಟ್ಟು, ತಲೆ ತಗ್ಗಿಸಿ ಮೂಕನಾದ.

"ಯಾರನ್ನಯ್ಯಾ ನೆನೆಸಿಕೊಂಡೆ?"

"ನಮ್ಮಪ್ಪನ್ನ ಸಾ."

"ಮತ್ತೆ ಮಾತಾಡು."

"ಅಪ್ಪನ ಎದ್ರುಗೆ ನಾನ್ಯಾವತ್ತು ಮಾತಾಡಿವ್ನಿ ಸಾ?"

ರಿಪೇರಿ

ಕ್ಯಾಸೆಟ್ಟಿನ ಪಾಠದ ನಡುವೆ "ಈಗ ನೀವು ಮಾತಾಡಿ" ಎಂದು ಹೇಳಿ, ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆ ಬಿಡುವು ಹುಡುಗರ ಅಭ್ಯಾಸಕ್ಕೆ. ನಾಗಮಂಗಲದಲ್ಲಿ ಅದು ಹೇಗೆ ನಡೆಯಿತು ಅಂತ ಅಲ್ಲಿನ ಅಟೆಂಡರನ್ನು ವಿಚಾರಿಸಿದೆ.

"ನೀವು ಬಾಯ್ ಮುಚ್ಕೊಂಡು ಪಿಳಿಪಿಳಿ ನೋಡ್ತಾ ಕೂತ್ಬುಟ್ರಿ ಸಾ. ಟೀವಿ ಕೆಟ್ಟೋಯ್ತು ಅಂತ ನಿಮ್ ತಲೆ ಮೇಲೆ ಎರಡು ಬಾರಿಸ್ದೆ. ತಕ್ಷಣ ಮಾತಾಡುದ್ರಿ. ಇನ್ ಮ್ಯಾಕೂ ಅಂಗೇ ಮಾಡ್ತೀನಿ ಬುಡಿ."

ಹಿರಿಯರು

ಕೊನೆಗೆ ಕೋರ್ಸಿನ ಹಣೆಬರಹ ನಿರ್ಧರಿಸಲು ಮೈಸೂರಿನಿಂದ ಸಮಿತಿ ಬಂತು. ನನಗಿದ್ದದ್ದು ಒಂದೇ ಧೈರ್ಯ: ಬೆಳಗೊಳದ ಹುಡುಗಿಯೊಬ್ಬಳು ಎಮ್ಮೆ ಸಾಕಣೆಯ ಬಗ್ಗೆ ಎಲ್ಲೂ ತಡವರಿಸದೆ ಮಾತಾಡಿದ್ದಳು. ವಿಡಿಯೋದವನ ಕೈಲಿ ಆ ಕ್ಯಾಸೆಟ್ಟು ಹಾಕಿಸಿದೆ; ನಾನಿನ್ನೂ ಅದನ್ನು ನೋಡಿರಲಿಲ್ಲ.

ಹುಡುಗಿ ಚೆನ್ನಾಗಿಯೇ ಶುರುಮಾಡಿದಳು. ಅಷ್ಟರಲ್ಲಿ ಕ್ಯಾಮೆರಾ ಅವಳನ್ನು ಬಿಟ್ಟು ಮೆಲ್ಲಗೆ ಪಕ್ಕಕ್ಕೆ ಹೊರಳಿತು. ಅಲ್ಲಿ ಕುರ್ಚಿಯ ಮೇಲೆ ನಮ್ಮ ಪ್ರಿನ್ಸಿಪಾಲರು, ಮಧ್ಯಾಹ್ನದ ಮುದ್ದೆ ಊಟ ಮುಗಿಸಿ, ಬಾಯಿ ತೆರೆದು ಗಾಢ ನಿದ್ರೆಯಲ್ಲಿದ್ದರು. ಕ್ಯಾಮೆರಾ ಅಲ್ಲಿಂದ ಕದಲಲಿಲ್ಲ. ಹುಡುಗಿ ಹಾಲಿನ ಡೈರಿಯ ವಿಷಯ ಹೇಳುತ್ತಿದ್ದಳು, ಅವರ ಗೊರಕೆ ತಾಳ ಹಾಕುತ್ತಿತ್ತು.

ನಾನು ಹಿಂದೆ ತಿರುಗಿ ವಿಡಿಯೋದವನನ್ನು ದುರುಗುಟ್ಟಿ ನೋಡಿದೆ. ಅವನು ಪಿಸುಗುಟ್ಟಿದ: "ಮದ್ವೇಲಿ ಹಿರೀಕರ್ನ ಬುಟ್ರೆ ಆಮ್ಯಾಕೆ ಜಗಳ ಆಯ್ತದೆ ಸಾ."

ಸಮಿತಿಯ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಟೀವಿ ನೋಡಿದರು, ಪಕ್ಕದಲ್ಲೇ ಕೂತಿದ್ದ ಪ್ರಿನ್ಸಿಪಾಲರನ್ನು ನೋಡಿದರು. "ಇದು ತಾವೇ ಅಲ್ಲವೇ?"

ನನ್ನ ಕೆಲಸ ಹೋಯಿತು ಅಂತಲೇ ಲೆಕ್ಕ ಹಾಕಿದೆ.

ಪ್ರಿನ್ಸಿಪಾಲರು ಒಂಚೂರೂ ಅಳುಕಲಿಲ್ಲ. "ನಾನೇ ಸ್ವಾಮಿ. ಕೇಳೋರು ಇಲ್ಲದಿದ್ರೂ ಮಾತಾಡೋದನ್ನ ಕಲಿಸೋ ಕೋರ್ಸು ಇದು. ಹುಡುಗೀಗೆ ಅಭ್ಯಾಸ ಆಗ್ಲಿ ಅಂತ ನನ್ನ ಕೈಲಾದ ಸಹಾಯ ಮಾಡ್ತಾ ಇದ್ದೆ."

ಅಧ್ಯಕ್ಷರು ನಗುತ್ತಲೇ ಕೋರ್ಸಿನ ಮಂಜೂರಾತಿಗೆ ಸಹಿ ಹಾಕಿದರು.