ಕಾರ್ಯಸೂಚಿಯ ಹದಿನಾಲ್ಕನೆಯ ವಿಷಯ: ಕೆರೆ

ಕಂಪನಿಯ ಆಡಳಿತ ಮಂಡಳಿಯೊಂದು ಹವಾಮಾನ ಮತ್ತು ನಿಸರ್ಗದ ಹೊಣೆ ಹೊತ್ತುಕೊಂಡರೆ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಬರೆದುಕೊಳ್ಳಲು ಒಬ್ಬರಿದ್ದರೆ ಸಾಕು. ನಮ್ಮಲ್ಲಿ ಆ ಒಬ್ಬಳು ನಾನು. ಚಂದಕವಾಡಿಯವಳು. ಪರಿಸರ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಬೇಗೂರಿನಾಚೆ ಅರಿಶಿನದಿಂದ ಬಣ್ಣ ತೆಗೆಯುವ ಕಂಪನಿಯೊಂದರಲ್ಲಿ ಮಂಡಳಿಯ ನಡಾವಳಿ ಬರೆಯುವ ಕೆಲಸಕ್ಕೆ ಸೇರಿದೆ.

೧. ಸ್ವತಂತ್ರ ಸದಸ್ಯ

ವಿದೇಶದ ಖರೀದಿದಾರರು ಕೇಳಿದರೆಂದು ನಿಸರ್ಗ ಸಮಿತಿ ರಚನೆಯಾಯಿತು. ನಿರ್ದೇಶಕರು ಐವರು: ಅಧ್ಯಕ್ಷರು, ಅವರ ಇಬ್ಬರು ತಮ್ಮಂದಿರು, ಭಾವಮೈದುನ ಮತ್ತು ಅಳಿಯ. ಸಮಿತಿಯ ಮುಖ್ಯಸ್ಥರು ಕುಟುಂಬದ ಹೊರಗಿನವರಾಗಿರಬೇಕೆಂದು ನಾನು ಟಿಪ್ಪಣಿ ಸಲ್ಲಿಸಿದೆ. ಅಧ್ಯಕ್ಷರು ತಕ್ಷಣ ಒಪ್ಪಿ ಅಳಿಯನನ್ನು ನೇಮಿಸಿದರು.

"ಅಳಿಯ ನಮ್ಮನೆಯವನಲ್ಲ ಕಣಮ್ಮ, ಹೊರಗಿಂದ ಬಂದವನು" ಎಂದರು.

೨. ಊಟದ ನಂತರ

ಸಮಿತಿಯ ಮೊದಲ ಪ್ರಸ್ತಾವವನ್ನು ನಾನೇ ಬರೆದೆ: ಕಾರ್ಖಾನೆಯಲ್ಲಿ ಅರಿಶಿನ ತೊಳೆದ ನೀರು ಹಾಗೆಯೇ ಕೆಳಗಿನ ಕೆರೆಗೆ ಸೇರುತ್ತಿದೆ, ಶುದ್ಧೀಕರಿಸದೆ ಬಿಡಬಾರದು. ಕಚೇರಿ ಗುಡಿಸುವ ಅಜ್ಜಿ ಆ ಕೆರೆಯ ಊರಿನವರು. ಅವರಿಗೆ ಎರಡು ಹಸುಗಳಿವೆ. "ಮೂಸ್ನೋಡ್ಬುಟ್ಟು ವಾಪಸ್ ಬಂದ್ಬುಡ್ತವೆ ಕಣಮ್ಮಿ" ಎಂದಿದ್ದರು. ಪ್ರತಿದಿನ ಕೆಲಸಕ್ಕೆ ಮುಂಚೆ ಅವನ್ನು ಪಕ್ಕದೂರಿನ ತೊಟ್ಟಿಗೆ ಹೊಡೆದುಕೊಂಡು ಹೋಗಿ ನೀರು ಕುಡಿಸಿ ಬರುತ್ತಿದ್ದರು.

ಕಾರ್ಯಸೂಚಿಯಲ್ಲಿ ಇದು ಹದಿನಾಲ್ಕನೆಯ, ಅಂದರೆ ಕೊನೆಯ ವಿಷಯ. ಹದಿಮೂರು ಮುಗಿದೊಡನೆ ಊಟ. ಊಟದ ನಂತರ ಅಧ್ಯಕ್ಷರು ಕುರ್ಚಿಯಲ್ಲೇ ನಿದ್ರಿಸುತ್ತಿದ್ದರು. ಮಲಗಿದ ಹಿರಿಯರನ್ನು ಎಬ್ಬಿಸುವ ಪದ್ಧತಿ ಆ ಮನೆತನದಲ್ಲಿಲ್ಲ. 'ಮುಂದಿನ ಸಭೆಗೆ ಮುಂದೂಡಲಾಯಿತು' ಎಂದು ನಾಲ್ಕು ಬಾರಿ ಬರೆದೆ. ಐದನೆಯ ಬಾರಿ ಕೆರೆಯನ್ನು ಮೊದಲನೆಯ ವಿಷಯವಾಗಿಸಿದೆ.

ಅಂದು ಅಧ್ಯಕ್ಷರು ಪಟ್ಟಿಯನ್ನು ಕೊನೆಯಿಂದ ಆರಂಭಿಸಿದರು.

೩. ಸಾಧನೆ

ಬೇಸಿಗೆಯಲ್ಲಿ ಸುತ್ತಲಿನ ಕೆರೆಗಳೆಲ್ಲ ಬತ್ತಿದವು. ನಮ್ಮ ಕೆರೆ ಮಾತ್ರ ತುಂಬಿತ್ತು. ಅಳಿಯ ಅದನ್ನು ಕಾರಿನಿಂದಲೇ ನೋಡಿ, ಕೆರೆ ತುಂಬಿದ್ದು ಸಮಿತಿಯ ಸಾಧನೆಯೆಂದು ವಾರ್ಷಿಕ ವರದಿಗೆ ಸೇರಿಸಿದರು. ಅದು ಮಳೆಯ ನೀರಲ್ಲ, ನಾವು ಅರಿಶಿನ ತೊಳೆದ ನೀರು ಎಂದು ವಿವರಿಸಿದೆ. ಅವರು ವರದಿಯ ಆ ಸಾಲಿಗೆ ಅಡಿಗೆರೆ ಎಳೆದರು.

"ಹಾಗಾದರೆ ಶ್ರೇಯಸ್ಸು ಪೂರ್ತಿ ನಮ್ಮದೇ ಆಯಿತಲ್ಲ."

೪. ಬಾಗಿನ

ತುಂಬಿದ ಕೆರೆಗೆ ಬಾಗಿನ ಅರ್ಪಿಸಬೇಕು. ವರದಿಗೆ ಚಿತ್ರವೂ ಬೇಕಿತ್ತು. ಮಂಡಳಿಯ ಐವರೂ ರೇಷ್ಮೆ ಶಲ್ಯ ಹೊದ್ದು ಏರಿಯ ಮೇಲೆ ನಿಂತರು. ಅಧ್ಯಕ್ಷರ ಪತ್ನಿ ಮೊರದ ಬಾಗಿನವನ್ನು ನೀರಿಗೆ ಬಿಟ್ಟರು. ಅನಂತರ ಅರ್ಚಕರು, ಆ ಊರಿನ ವಾಡಿಕೆಯಂತೆ, ಕೆರೆಯಲ್ಲಿ ಚೊಂಬು ಅದ್ದಿ ಐವರ ಅಂಗೈಗೂ ತೀರ್ಥ ಹಾಕಿದರು.

ಐದು ಬಲಗೈಗಳಲ್ಲಿ ಹಳದಿ ನೀರು ನಿಂತಿತು. ಹಿರಿಯರಿಗಿಂತ ಮೊದಲು ಕಿರಿಯರು ಕುಡಿಯುವಂತಿಲ್ಲ, ಹಿರಿಯರು ಕುಡಿಯಲಿಲ್ಲ. ತೀರ್ಥವನ್ನು ನೆಲಕ್ಕೆ ಚೆಲ್ಲುವಂತೆಯೂ ಇಲ್ಲ. ಇಡೀ ಊರು ನೋಡುತ್ತಿತ್ತು. ಗುಂಪಿನ ಅಂಚಿನಲ್ಲಿದ್ದ ಅಜ್ಜಿ ಕೈಮುಗಿದರು.

"ಕುಡೀರಿ ಬುದ್ಧಿ. ನೀವೇ ತುಂಬ್ಸಿರ ನೀರಲ್ವಾ."

ಅಧ್ಯಕ್ಷರು ಅಂಗೈ ಅಲುಗಿಸದೆ ನನ್ನತ್ತ ತಿರುಗಿದರು. "ಆ ಹದಿನಾಲ್ಕನೇದು ಈಗಲೇ ಬರಕೊಳ್ಳಮ್ಮ."

ಶುದ್ಧೀಕರಣ ಘಟಕ ಸಿದ್ಧವಾಗುವವರೆಗೆ ಒಂದು ಹನಿಯನ್ನೂ ಕೆರೆಗೆ ಬಿಡಬಾರದೆಂಬ ನಿರ್ಣಯಕ್ಕೆ ಐವರೂ ನಿಂತಲ್ಲೇ, ಎಡಗೈಯಲ್ಲಿ, ಸಹಿ ಹಾಕಿದರು. ನಡಾವಳಿಯ ಕೊನೆಯ ಸಾಲನ್ನು ಮಂಡಳಿಯ ಸಂಪ್ರದಾಯಕ್ಕೆ ಅನುಗುಣವಾಗಿ ನಾನೇ ಪೂರ್ಣಗೊಳಿಸಿದೆ:

'ತೀರ್ಥ ಸ್ವೀಕಾರವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.'