ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಊರಿಗೆ ಹೋಗತಕ್ಕದ್ದಲ್ಲ

ಹೆಸರು ಹೇಳಲು ಅನುಮತಿಯಿಲ್ಲದ ಇಲಾಖೆ, ಮದರಾಸು ಪ್ರಾಂತ್ಯ

ಸುತ್ತೋಲೆ ಸಂಖ್ಯೆ: ಪ್ರ.ಉ. ೧೭/೩೪
ದಿನಾಂಕ: ೨೦ನೇ ಆಗಸ್ಟ್ ೧೯೩೪

ವಿಷಯ: ಶಾಸನ ಸಭೆಯ ಮೆಂಬರುಗಳ ಲಿಖಿತ ಪ್ರಶ್ನೆಗಳಿಗೆ ಉತ್ತರ ಬರೆಯುವ ಮುನ್ನ ಸ್ಥಳಕ್ಕೆ ಹೋಗಿ ನೋಡಿಬರುವ ಅಭ್ಯಾಸವನ್ನು ನಿಲ್ಲಿಸುವ ಬಗ್ಗೆ.

ಉಲ್ಲೇಖ:
(೧) ಪ್ರಶ್ನೆ ಸಂಖ್ಯೆ ೪೧೨, ಹುಣಸೆಕುಂಟೆ ಔಷಧಾಲಯದ ಸೂಲಗಿತ್ತಿಯ ಬಗ್ಗೆ.
(೨) ಸದರಿ ಪ್ರಶ್ನೆಗೆ ಕಣ್ತಪ್ಪಿನಿಂದ ಕೊಡಲಾದ ನಿಜವಾದ ಉತ್ತರ.
(೩) ಪ್ರಶ್ನೆ ಸಂಖ್ಯೆ ೬೩೦, ಮೇಲಿನ ಎರಡರಿಂದ ಹುಟ್ಟಿಕೊಂಡದ್ದು.

೧. ಪ್ರಶ್ನೆ ಕೇಳುವುದು ಮೆಂಬರುಗಳ ಹಕ್ಕು, ಉತ್ತರ ಕೊಡುವುದು ಇಲಾಖೆಯ ಕರ್ತವ್ಯ. ಉತ್ತರದೊಳಗೆ ಏನಾದರೂ ಇರಬೇಕೆಂದು ಯಾವ ನಿಯಮದಲ್ಲೂ ಹೇಳಿಲ್ಲ. ಈ ಏರ್ಪಾಡು ಇಷ್ಟು ಕಾಲ ಎರಡೂ ಕಡೆಯವರ ಮರ್ಯಾದೆಗೆ ಕುಂದು ಬಾರದಂತೆ ನಡೆದುಬಂದಿತ್ತು. ಅದು ಹೇಗೆ ಕೆಟ್ಟಿತು ಎಂಬುದನ್ನು ಸಿಬ್ಬಂದಿಯ ತಿಳಿವಳಿಕೆಗಾಗಿ ಮೊದಲಿನಿಂದ ಹೇಳುವುದು ಅಗತ್ಯವೆಂದು ಭಾವಿಸಲಾಗಿದೆ.

೨. ಇಲಾಖೆಯ ಮಡಕಶಿರದ ಶಾಖೆಯಲ್ಲಿ ಲಕ್ಷ್ಮೀನರಸಪ್ಪ ಎಂಬ ಎರಡನೇ ಗುಮಾಸ್ತೆ ಇದ್ದ. ಹನ್ನೊಂದು ವರ್ಷದ ನೌಕರಿ, ಒಂದು ದಿನವೂ ತಡವಾಗಿ ಬಂದವನಲ್ಲ. ಪ್ರಶ್ನೆಗಳಿಗೆ ಉತ್ತರದ ಕರಡು ಬರೆಯುವುದು ಅವನ ಮೇಜಿನ ಕೆಲಸ. ‘ಹೌದು’, ‘ಇಲ್ಲ’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’, ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂಬ ನಾಲ್ಕೇ ಮಾತಿನಲ್ಲಿ ಅವನು ಎಂಥ ಮೆಂಬರನ್ನೂ ಸುಮ್ಮನಾಗಿಸುತ್ತಿದ್ದ. ಗುಮ್ಮಘಟ್ಟದ ಕುರಿಗಳಿಗೆ ಬಂದ ರೋಗದ ಪ್ರಶ್ನೆಗೆ ಮೂರು ವರ್ಷ ಮಾಹಿತಿ ಸಂಗ್ರಹಿಸಿದವನು ಅವನೇ. ನಾಲ್ಕನೇ ವರ್ಷ ಕುರಿಗಳೇ ಉಳಿಯದ ಕಾರಣ ಪ್ರಶ್ನೆ ಉದ್ಭವಿಸಲಿಲ್ಲ. ಇಂಥ ನೌಕರನಿಂದ ಇಲಾಖೆಗೆ ಪೆಟ್ಟು ಬೀಳುತ್ತದೆಂದು ಯಾರೂ ಎಣಿಸಿರಲಿಲ್ಲ.

೩. ಕಳೆದ ವರ್ಷ ಸಂಕ್ರಾಂತಿಯ ಹೊತ್ತಿಗೆ, ರೊಳ್ಳದ ಆಚೆಗಿರುವ ಹುಣಸೆಕುಂಟೆಯಲ್ಲಿ ನರಸಮ್ಮ ಎಂಬ ಹೆಂಗಸು ಎರಡು ದಿನ ಹೆರಿಗೆ ನೋವು ತಿಂದಳು. ಅವಳ ಮಾವ ಚಿಕ್ಕತಿಮ್ಮಯ್ಯ ಊರಿನ ಔಷಧಾಲಯಕ್ಕೆ ಓಡಿದ. ಅಲ್ಲಿ ಸರ್ಕಾರಿ ಸೂಲಗಿತ್ತಿಯ ಹೆಸರು ಬರೆದ ಹಲಗೆ ಇತ್ತು, ಸೂಲಗಿತ್ತಿ ಇರಲಿಲ್ಲ. ಕೂಸು ಉಳಿಯಲಿಲ್ಲ. ಚಿಕ್ಕತಿಮ್ಮಯ್ಯ ಆ ವರ್ಷವೆಲ್ಲ ಇಲಾಖೆಗೆ ಆರು ಅರ್ಜಿ ಹಾಕಿದ. ಆರಕ್ಕೂ ರಸೀದಿ ಕೊಡಲಾಗಿದೆ ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ. ಕೊನೆಗೆ, ಮಡಕಶಿರದ ಬೀಗರ ಮನೆಗೆ ಬಂದಿದ್ದ ರಾಯದುರ್ಗದ ವಕೀಲರೂ ಶಾಸನ ಸಭೆಯ ಮೆಂಬರೂ ಆದ ತಿಪ್ಪೇರುದ್ರಪ್ಪನವರ ಕೈಗೆ ಆ ಆರು ರಸೀದಿಗಳನ್ನು ಕೊಟ್ಟು ಅವನು ನಡೆದದ್ದನ್ನೆಲ್ಲ ಹೇಳಿದ. ಮೆಂಬರು ಊಟ ಮುಗಿಸಿಕೊಂಡು ಅಲ್ಲೇ ಕುಳಿತು ಪ್ರಶ್ನೆ ಬರೆದರು.

೪. ಪ್ರಶ್ನೆ ಹೀಗಿತ್ತು: (ಅ) ಹುಣಸೆಕುಂಟೆ ಔಷಧಾಲಯಕ್ಕೆ ಸೂಲಗಿತ್ತಿಯನ್ನು ನೇಮಿಸಲಾಗಿದೆಯೇ? (ಆ) ನೇಮಿಸಿದ್ದಲ್ಲಿ ಎಂದಿನಿಂದ? (ಇ) ಅಂದಿನಿಂದ ಇಂದಿನವರೆಗೆ ಆಕೆ ಅಲ್ಲಿ ಮಾಡಿಸಿದ ಹೆರಿಗೆಗಳು ಎಷ್ಟು? (ಈ) ಆಕೆ ಈಗ ಎಲ್ಲಿದ್ದಾಳೆ? ಹದಿನೈದು ದಿನದ ಗಡುವಿನ ಈ ಕಾಗದ ಮದರಾಸಿನಿಂದ ಏಳು ಮೇಜು ಇಳಿದು, ಪ್ರತಿ ಮೇಜಿನಲ್ಲೂ ‘ಮುಂದಿನ ಕ್ರಮಕ್ಕೆ’ ಎಂಬ ಷರಾ ಹೊತ್ತು, ಎರಡು ದಿನ ಬಾಕಿ ಇರುವಾಗ ಲಕ್ಷ್ಮೀನರಸಪ್ಪನ ಮೇಜು ತಲುಪಿತು. ಆ ದಿನ ಶನಿವಾರ.

೫. ಸೂಲಗಿತ್ತಿ ಸರ್ವಮಂಗಳಮ್ಮ ಎಲ್ಲಿದ್ದಾಳೆಂಬುದು ಮಡಕಶಿರದಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಮದರಾಸಿನಲ್ಲಿ ಎರಡು ವರ್ಷ ಕಲಿತು ಬಂದ ಆ ಹೆಣ್ಣುಮಗಳು ಶಾಖಾಧಿಕಾರಿಗಳ ಬಂಗಲೆಯಲ್ಲಿ ಅವರ ಅತ್ತೆಯವರ ಮಂಡಿಗೆ ಎರಡು ಹೊತ್ತು ಎಣ್ಣೆ ತಿಕ್ಕುತ್ತಿದ್ದಳು. ಲಕ್ಷ್ಮೀನರಸಪ್ಪ ದಿನವೂ ಅದೇ ದಾರಿಯಲ್ಲಿ ಕಚೇರಿಗೆ ಬರುತ್ತಿದ್ದ, ಎಣ್ಣೆಯ ಬಟ್ಟಲು ಹಿಡಿದು ಜಗಲಿಯಲ್ಲಿ ಕೂತ ಅವಳನ್ನು ದಿನವೂ ನೋಡುತ್ತಿದ್ದ. ಅದರಿಂದ ಅವನಿಗೇನೂ ಅನ್ನಿಸಿದ್ದಿಲ್ಲ. ಈ ಸಲವೂ (ಅ), (ಆ), (ಈ) ಮೂರಕ್ಕೂ ರೂಢಿಯ ಉತ್ತರವನ್ನು ಅರೆಗಳಿಗೆಯಲ್ಲಿ ಬರೆದ. ಅವನು ಸಿಕ್ಕಿಕೊಂಡದ್ದು (ಇ)ಯಲ್ಲಿ. ಅದು ಸಂಖ್ಯೆ ಕೇಳುತ್ತಿತ್ತು. ಮಾತಿನಲ್ಲಿ ಎಷ್ಟು ಬೇಕಾದರೂ ಜಾರಿಕೊಳ್ಳಬಲ್ಲವನು, ಆಧಾರವಿಲ್ಲದೆ ಒಂದು ಸಂಖ್ಯೆಯನ್ನು ಮಾತ್ರ ಜನ್ಮದಲ್ಲಿ ಬರೆದವನಲ್ಲ. ಹೆರಿಗೆ ರಿಜಿಸ್ಟರು ತರಿಸಿ ನೋಡಿದರೆ ಖಾಲಿ; ಹೆರಿಗೆಯೇ ಆಗಿಲ್ಲವೋ, ಆದದ್ದನ್ನು ಬರೆದಿಲ್ಲವೋ ಅದರಿಂದ ತಿಳಿಯುವಂತಿರಲಿಲ್ಲ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:
(ಅ) ಸಂಖ್ಯೆ ಕೇಳಿದ ಪ್ರಶ್ನೆಗಳಿಗೆ ಇನ್ನು ಮುಂದೆ ‘ಸಾಕಷ್ಟು’ ಎಂದು ಬರೆಯತಕ್ಕದ್ದು.
(ಆ) ‘ಸಾಕಷ್ಟು’ ಎಂದರೆ ಎಷ್ಟು ಎಂಬ ಉಪಪ್ರಶ್ನೆಗೆ ‘ಅಷ್ಟು’ ಎಂದು ಬರೆಯತಕ್ಕದ್ದು.
(ಇ) ಖಾಲಿ ರಿಜಿಸ್ಟರನ್ನು ತೆರೆಯತಕ್ಕದ್ದಲ್ಲ. ತೆರೆದು ನೋಡದೆ ಅದು ಖಾಲಿಯೆಂದು ತಿಳಿಯುವುದು ಗುಮಾಸ್ತೆಯ ಜವಾಬ್ದಾರಿ.

೬. ಭಾನುವಾರ ಬೆಳಿಗ್ಗೆ ಲಕ್ಷ್ಮೀನರಸಪ್ಪ ಯಾರ ಅಪ್ಪಣೆಯನ್ನೂ ಪಡೆಯದೆ ಕಡಲೆಕಾಯಿ ಗಾಡಿಯೊಂದನ್ನು ಹತ್ತಿ ಹುಣಸೆಕುಂಟೆಗೆ ಹೋದ. ಹನ್ನೊಂದು ವರ್ಷದಲ್ಲಿ ತಾನು ಉತ್ತರ ಬರೆದ ಒಂದು ಊರನ್ನು ಅವನು ಕಣ್ಣಿಂದ ನೋಡಿದ್ದು ಅದೇ ಮೊದಲು. ಔಷಧಾಲಯದ ಜಗಲಿಯ ಮೇಲೆ ಊರ ಸೂಲಗಿತ್ತಿ ಓಬಳಮ್ಮ ರಾಗಿ ಕೇರುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಅವಳ ಹೇಳಿಕೆಯನ್ನು ಅವನು ಇದ್ದದ್ದು ಇದ್ದ ಹಾಗೆ ಬರೆದುಕೊಂಡಿದ್ದಾನೆ: “ಆ ಸರ್ಕಾರಿ ಯಮ್ಮನ್ನ ನಾನು ಕಂಡೇ ಇಲ್ಲ ಕಣಪ್ಪ. ಈ ಹದ್ನಾಕು ತಿಂಗ್ಳಾಗೆ ಹನ್ನೊಂದು ಹೆರಿಗೆ ಆದ್ವು, ಹನ್ನೊಂದೂ ನನ್ನ ಕೈಯಾಗೇ. ಎಲ್ಡು ಉಳೀಲಿಲ್ಲ. ಅಡ್ಡ ತಿರುಗಿದ್ ಕೂಸ್ನ ತೆಗಿಯೋದು ನಂಗೆ ಗೊತ್ತಿಲ್ಲ. ಆಯಮ್ಮಂಗೆ ಗೊತ್ತಂತೆ. ಇಲ್ಲಿದ್ದಿದ್ರೆ ನಾನೂ ಕಲ್ತ್ಕಂತಿದ್ದೆ.”

೭. ಬರೆದುಕೊಂಡು ಏಳುವಷ್ಟರಲ್ಲಿ ನರಸಮ್ಮ ಮಜ್ಜಿಗೆ ತಂದಳು. ಆಗ ಅವಳಿಗೆ ಮತ್ತೆ ಏಳು ತಿಂಗಳು. ಚೊಂಬು ಕೊಟ್ಟು, ಅವನು ಕುಡಿದು ಮುಗಿಸುವವರೆಗೆ ಕಾದು, ಕೇಳಿದಳು: “ಸ್ವಾಮಿ, ನೀವಿದ್ನ ಬರ್ಕಂಡು ಹೋದ್ರೆ ಆಯಮ್ಮ ಬತ್ತಾಳಾ?” ಬಾಯಿಪಾಠದ ಅಭ್ಯಾಸದಿಂದ ಲಕ್ಷ್ಮೀನರಸಪ್ಪ, “ಮಾಹಿತಿ ಸಂಗ್ರಹಿಸಲಾಗುತ್ತಿದೆ” ಅಂದುಬಿಟ್ಟ. ಅವಳು ಅರ್ಥವಾಗದೆ ಅವನ ಮುಖವನ್ನೇ ನೋಡಿದಳು. ಚೊಂಬು ತೆಗೆದುಕೊಂಡು ಒಳಗೆ ಹೋದಳು. ಗಾಡಿಯಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ತನಗೆ ಮುಖ ಎತ್ತಲಾಗಲಿಲ್ಲವೆಂದು ಅವನು ಆಮೇಲೆ ಕೊಟ್ಟ ಸಮಜಾಯಿಷಿಯಲ್ಲಿ ಬರೆದಿದ್ದಾನೆ. ಮುಖ ಎತ್ತಲಾಗದಿರುವುದಕ್ಕೆ ರಜೆ ನಿಯಮಗಳಲ್ಲಿ ಅವಕಾಶವಿಲ್ಲ. ಸಾರ್ವಜನಿಕರಿಂದ ಮಜ್ಜಿಗೆ ಸ್ವೀಕರಿಸುವುದನ್ನೂ, ಚೊಂಬು ಕೊಟ್ಟವರ ಮುಖ ನೋಡುವುದನ್ನೂ ತಕ್ಷಣದಿಂದ ನಿಷೇಧಿಸಲಾಗಿದೆ. ‘ಸ್ಥಳ ಪರಿಶೀಲನೆ’ ಎಂಬಲ್ಲಿ ಸ್ಥಳವೆಂದರೆ ಗುಮಾಸ್ತೆ ಕುಳಿತಿರುವ ಸ್ಥಳವೆಂದೇ ಅರ್ಥ ಮಾಡತಕ್ಕದ್ದು.

೮. ಸೋಮವಾರ ಅವನು ಹಳೆಯ ಕರಡನ್ನು ಹರಿದು ಹೊಸದು ಬರೆದ: ‘(ಅ) ಹೌದು. (ಆ) ಹದಿನಾಲ್ಕು ತಿಂಗಳಿಂದ. (ಇ) ಒಂದೂ ಇಲ್ಲ. (ಈ) ಶಾಖಾಧಿಕಾರಿಗಳ ಬಂಗಲೆಯಲ್ಲಿ, ಅವರ ಅತ್ತೆಯವರ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾಳೆ.’ ಕಾಗದ ಮೊದಲು ಹೋಗಬೇಕಾದದ್ದು ಹಿರಿಯ ಗುಮಾಸ್ತೆ ಸಣ್ಣಬಸಪ್ಪನವರ ಬಳಿಗೆ. ರಾಯದುರ್ಗದ ಕಡೆಯವರು, ನಿವೃತ್ತಿಗೆ ಒಂದು ವರ್ಷವಿದ್ದವರು. ಅವರು ಓದಿದರು. ಮತ್ತೊಮ್ಮೆ ಓದಿದರು. “ಇದು ಹೋದ್ರ ನೀವು ಗಂಟುಮೂಟಿ ಕಟ್ಟಬೇಕಾಗ್ತೈತ್ರಿ” ಅಂದರು. ಲಕ್ಷ್ಮೀನರಸಪ್ಪ ಕಾಗದವನ್ನು ವಾಪಸು ಕೇಳಲಿಲ್ಲ. ಬೆವರಿದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ನಿಂತಿದ್ದ. ಸಣ್ಣಬಸಪ್ಪನವರು ಮೊಹರು ಒತ್ತಿ, ಕಾಗದವನ್ನು ಟಪ್ಪಾಲಿನ ಕಟ್ಟಿನ ನಡುವೆ ತೂರಿಸಿದರು. “ನಾ ಏನೂ ಓದಿಲ್ರಿ” ಎಂದು ಎಲೆಅಡಿಕೆಗೆ ಎದ್ದುಹೋದರು.

೯. ಕಟ್ಟು ಏಳು ಮೇಜು ಹತ್ತಿತು. ಏಳು ಮಂದಿ ಅಧಿಕಾರಿಗಳು ಸಹಿ ಹಾಕಿದರು. ಮೊದಲಿನವರು ಶಾಖಾಧಿಕಾರಿಗಳೇ, ಅಂದರೆ ಸದರಿ ಅತ್ತೆಯವರ ಅಳಿಯಂದಿರು. ಓದಿದವರು ಯಾರೂ ಇಲ್ಲ. ಸಹಿಗೆ ಮುನ್ನ ಓದುವುದನ್ನು ಕಡ್ಡಾಯ ಮಾಡುವ ಸಲಹೆಯನ್ನು ಪರಿಶೀಲಿಸಿ, ಹಾಗೆ ಮಾಡಿದರೆ ಇಲಾಖೆಯ ಕೆಲಸ ನಿಂತೇಹೋಗುವುದೆಂದು ಕಂಡುಬಂದಿದ್ದರಿಂದ ಕೈಬಿಡಲಾಗಿದೆ. ಬದಲಿಗೆ, ಓದಿದರೂ ಓದದಿದ್ದರೂ ವ್ಯತ್ಯಾಸವಾಗದಂತೆ ಉತ್ತರಗಳನ್ನು ಬರೆಯತಕ್ಕದ್ದು.

೧೦. ಉತ್ತರ ಅಚ್ಚಾಗಿ ಸಭೆಯ ಮೇಜಿನ ಮೇಲೆ ಬಂತು. ತಿಪ್ಪೇರುದ್ರಪ್ಪನವರು ಎದ್ದು ನಿಂತು, ಸದರಿ ಮಂಡಿ ಎಡಗಾಲಿನದೋ ಬಲಗಾಲಿನದೋ ಎಂಬ ಉಪಪ್ರಶ್ನೆ ಹಾಕಿದರು. ಸರ್ಕಾರದ ಪರವಾಗಿ, ಅದಕ್ಕೆ ಮುಂಚಿತವಾಗಿ ನೋಟೀಸು ಬೇಕೆಂದು ತಿಳಿಸಲಾಯಿತು. ಆಮೇಲಿನ ನಗು ಎಷ್ಟು ಹೊತ್ತು ನಡೆಯಿತೆಂಬುದನ್ನು ನಡಾವಳಿಯಲ್ಲಿ ನಮೂದಿಸಿಲ್ಲ. ನಗು ನಿಂತ ಮೇಲೆ ಅವರು, ಹುಣಸೆಕುಂಟೆಯಿಂದ ತಮಗೆ ಬಂದ ಕಾಗದವೊಂದನ್ನು ನೋಡಿಕೊಂಡು, ಹನ್ನೊಂದು ಹೆರಿಗೆಯಲ್ಲಿ ಎರಡು ಕೂಸು ಉಳಿಯಲಿಲ್ಲವಂತೆ, ಅದಕ್ಕೂ ನೋಟೀಸು ಬೇಕೇ ಎಂದು ಕೇಳಿದರು. ಆಗ ಯಾರೂ ನಗಲಿಲ್ಲ.

೧೧. ನಾಲ್ಕನೇ ದಿನ ಸರ್ವಮಂಗಳಮ್ಮನನ್ನು ತಗಡಿನ ಪೆಟ್ಟಿಗೆಯ ಸಮೇತ ಹುಣಸೆಕುಂಟೆಗೆ ಕಳಿಸಲಾಯಿತು. ಹೊರಡುವಾಗ ಅವಳು ಅತ್ತಳೆಂಬ ವರದಿ ಸುಳ್ಳು. ಎಣ್ಣೆಯ ಬಟ್ಟಲನ್ನು ಜಗಲಿಯ ಮೇಲೆ ಬೋರಲು ಹಾಕಿ, ಹಿಂದೆ ತಿರುಗಿ ನೋಡದೆ ಗಾಡಿ ಹತ್ತಿದಳು. ಮೊದಲ ವಾರ ನೀರು ಕುದಿಸುವ ವಿಷಯಕ್ಕೆ ಅವಳಿಗೂ ಓಬಳಮ್ಮನಿಗೂ ಜಗಳವಾಯಿತು. ಎರಡನೇ ವಾರ ಓಬಳಮ್ಮನೇ ಸೌದೆ ತಂದು ಹಾಕಿದಳು. ಏಪ್ರಿಲ್ ತಿಂಗಳಲ್ಲಿ ನರಸಮ್ಮನ ದಿನ ತುಂಬಿತು. ಈ ಸಲವೂ ಕೂಸು ಅಡ್ಡ ತಿರುಗಿತ್ತು. ನಾಲ್ಕು ಕೈ ಸೇರಿ ಹೆಣ್ಣು ಕೂಸನ್ನು ಈಚೆ ತಂದವು. ತಾಯಿ ಮಗು ಇಬ್ಬರೂ ಕ್ಷೇಮ. ಖಾಲಿ ರಿಜಿಸ್ಟರಿನಲ್ಲಿ ‘೧’ ಎಂದು ಬರೆಯಲಾಯಿತು. ಇದರಿಂದ ಹಿಂದಿನ ಹದಿನಾಲ್ಕು ತಿಂಗಳ ಖಾಲಿ ಪುಟಗಳು ಎದ್ದು ಕಾಣುತ್ತಿರುವುದಕ್ಕೆ ಇಲಾಖೆ ವಿಷಾದಿಸುತ್ತದೆ.

೧೨. ನಿಜವನ್ನು ಏಕೆ ಬರೆದೆ ಎಂದು ಲಕ್ಷ್ಮೀನರಸಪ್ಪನಿಂದ ಸಮಜಾಯಿಷಿ ಕೇಳಲಾಯಿತು. ದಾರಿಯ ಸಂಗತಿಯೆಲ್ಲ ಬರೆದು, ಕೊನೆಗೆ, ‘ಎಷ್ಟು ಅಂತ ಕೇಳಿದ್ದರು. ಎಣಿಸಿದೆ’ ಎಂದು ಮುಗಿಸಿದ್ದಾನೆ. ಇದು ತೃಪ್ತಿಕರವಲ್ಲವೆಂದು ಪರಿಗಣಿಸಿ ಅವನನ್ನು ರಾಯದುರ್ಗಕ್ಕೆ ವರ್ಗ ಮಾಡಲಾಯಿತು. ವರ್ಗಕ್ಕೂ ಉತ್ತರಕ್ಕೂ ಸಂಬಂಧವಿಲ್ಲ. ಸಂಬಂಧವಿಲ್ಲ ಎಂಬುದನ್ನು ವರ್ಗದ ಆದೇಶದಲ್ಲೇ ಮೂರು ಸಲ ಸ್ಪಷ್ಟಪಡಿಸಲಾಗಿದೆ.

೧೩. ಆದರೂ ತಿಪ್ಪೇರುದ್ರಪ್ಪನವರು ಜುಲೈ ತಿಂಗಳಲ್ಲಿ ಪ್ರಶ್ನೆ ೬೩೦ನ್ನು ಕಳಿಸಿದರು: (ಅ) ಸರಿಯಾದ ಉತ್ತರ ಬರೆದ ಗುಮಾಸ್ತೆಯೊಬ್ಬನನ್ನು ಅದೇ ಕಾರಣಕ್ಕೆ ವರ್ಗ ಮಾಡಿರುವುದು ನಿಜವೇ? (ಆ) ನಿಜವಾದಲ್ಲಿ, ಅವನು ಈಗ ಏನು ಮಾಡುತ್ತಿದ್ದಾನೆ? ಕಾಗದ ಏಳು ಮೇಜು ಇಳಿಯಿತು. ಸಂಬಂಧಪಟ್ಟ ನೌಕರ ಇರುವ ಕಚೇರಿಯೇ ಕರಡು ಬರೆಯಬೇಕೆಂಬುದು ನಿಯಮ. ರಾಯದುರ್ಗದ ಕಚೇರಿಯಲ್ಲಿ ಆ ಕೆಲಸಕ್ಕೆ ಇರುವ ಮೇಜು ಒಂದೇ. ಅಲ್ಲಿ ಕೂತಿರುವವನು ಲಕ್ಷ್ಮೀನರಸಪ್ಪ. ಈ ಸಲ ಅವನ ಕೈ ಬೆವರಲಿಲ್ಲವೆಂದು ಪಕ್ಕದ ಮೇಜಿನವರು ಹೇಳಿದ್ದಾರೆ. ಕರಡು ಇಂತಿದೆ: ‘(ಅ) ಹೌದು. (ಆ) ಈ ಉತ್ತರವನ್ನು ಬರೆಯುತ್ತಿದ್ದಾನೆ.’

೧೪. ಸದರಿ ಕರಡನ್ನು ತಡೆಹಿಡಿಯಬೇಕೆಂದು ತೀರ್ಮಾನಿಸುವಷ್ಟರಲ್ಲಿ ಅದು ಏಳೂ ಸಹಿಗಳನ್ನು ಪಡೆದು ಮದರಾಸು ಸೇರಿರುವುದು ತಿಳಿದುಬಂದಿದೆ. ಆದಕಾರಣ ಈ ಸುತ್ತೋಲೆಯನ್ನು ಹೊರಡಿಸಲಾಗಿದೆ. ಇದರ ವಿಷಯವಾಗಿ ಯಾರಿಗಾದರೂ ಪ್ರಶ್ನೆಗಳಿದ್ದಲ್ಲಿ ಅವು ಉದ್ಭವಿಸುವುದಿಲ್ಲ.

(ಸಹಿ, ಓದಲಾಗುತ್ತಿಲ್ಲ)
ಇಲಾಖೆಯ ಪರವಾಗಿ, ಓದದೆ

ಪ್ರತಿಗಳು:
೧. ಏಳು ಮೇಜುಗಳಿಗೆ, ರೂಢಿಯಂತೆ.
೨. ಮಡಕಶಿರ, ರಾಯದುರ್ಗ, ಅಮರಾಪುರದ ಎಲ್ಲ ಗುಮಾಸ್ತೆಗಳಿಗೆ, ಎಣಿಸುವುದನ್ನು ನಿಲ್ಲಿಸಲು.
೩. ಶಾಖಾಧಿಕಾರಿಗಳ ಅತ್ತೆಯವರಿಗೆ, ಇಲಾಖೆಯ ಸಂತಾಪದೊಡನೆ.
೪. ಮಾನ್ಯ ಮೆಂಬರಿಗೆ ಪ್ರತಿ ಕಳಿಸತಕ್ಕದ್ದಲ್ಲ. (ಕಳಿಸಲಾಗಿದೆ.)
೫. ಹುಣಸೆಕುಂಟೆ ಔಷಧಾಲಯಕ್ಕೆ, ಬಾಗಿಲಿಗೆ ಅಂಟಿಸಲು. ಒಳಗೆ ಹೆರಿಗೆ ನಡೆಯುತ್ತಿದ್ದಲ್ಲಿ, ಸುತ್ತೋಲೆ ತಂದ ಜವಾನನು ಅದು ಮುಗಿಯುವವರೆಗೆ ಹೊರಗೆ ಕಾಯತಕ್ಕದ್ದು.