ಒಂದು ಕಂಪ್ಯೂಟರಿಗೆ ಇಬ್ಬರು ಯಜಮಾನರು

ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಳ್ಳುವುದು ಮಕ್ಕಳಾಟದಷ್ಟು ಸುಲಭ. ಹೀಗೆಂದು ಫೋನಿನ ವಿಡಿಯೋದಲ್ಲಿ ಒಬ್ಬ ತರುಣ ನಗುತ್ತಾ ಹೇಳಿದ. ಅವನ ಮುಖದಲ್ಲಿ ಆಯಾಸದ ಗುರುತೇ ಇರಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು!

ಆಪರೇಟಿಂಗ್ ಸಿಸ್ಟಂ ಎಂದರೆ ಬೇರೇನಲ್ಲ. ಗುಂಡಿ ಒತ್ತಿದೊಡನೆ ಕಂಪ್ಯೂಟರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಯಜಮಾನ. ನಮ್ಮ ಮನೆಯ ಕಂಪ್ಯೂಟರಿನ ಯಜಮಾನನಿಗೆ ವಯಸ್ಸಾಗಿತ್ತು. ಇನ್ನು ಮುಂದೆ ನನ್ನನ್ನು ನಂಬಿ ಕೂರಬೇಡಿ ಎಂಬ ಅರ್ಥದ ಎಚ್ಚರಿಕೆಯನ್ನು ದಿನಾ ತೋರಿಸುತ್ತಿದ್ದ. ಅವನನ್ನು ಹೊರಗೆ ಹಾಕದೆ, ಪಕ್ಕದಲ್ಲೇ ಲಿನಕ್ಸ್ ಎಂಬ ಹೊಸಬನನ್ನು ಕೂರಿಸುವುದು ನನ್ನ ಯೋಜನೆ. ಹೊಸಬ ಪುಕ್ಕಟೆ ಸಿಗುತ್ತಾನೆ. ಮೇಲಾಗಿ ಕನ್ನಡದಲ್ಲೇ ವ್ಯವಹರಿಸುತ್ತಾನೆ! ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದ ನನಗೆ ಇನ್ನೇನು ಬೇಕು?

ತೊಡಕು ಒಂದೇ. ಕಂಪ್ಯೂಟರ್ ನನ್ನದಲ್ಲ.

ಅದು ನನ್ನ ಹೆಂಡತಿ ವನಜಳದು. ಅವಳು ಮನೆಯಲ್ಲೇ ಕೂತು ಲಗ್ನಪತ್ರಿಕೆಗಳನ್ನು ಸಿದ್ಧಪಡಿಸುತ್ತಾಳೆ. ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ಯಾವುದು ಬೇಕಾದರೂ ಸರಿ. ಅವಳು ಸಿದ್ಧಪಡಿಸಿದ್ದು ಚಿಕ್ಕಬಳ್ಳಾಪುರದ ಪ್ರೆಸ್ಸಿನಲ್ಲಿ ಅಚ್ಚಾಗುತ್ತದೆ. ಆ ವಾರ ಪಕ್ಕದ ಮನೆಯ ಅಕ್ಬರ್ ಸಾಬರ ಮಗಳ ಮದುವೆಯ ಪತ್ರಿಕೆ ಮುಗಿಯುತ್ತಾ ಬಂದಿತ್ತು. ಸಾಬರು ರೇಷ್ಮೆ ನೂಲಿನ ವ್ಯಾಪಾರಿ. ಒಬ್ಬಳೇ ಮಗಳು. ಪತ್ರಿಕೆಯ ಅಂಚಿನ ಬಳ್ಳಿಯ ಬಣ್ಣಕ್ಕೇ ಅವರು ಮೂರು ಸಲ ಬಂದು ಹೋಗಿದ್ದರು.

ಭಾನುವಾರ ಬೆಳಿಗ್ಗೆ ವನಜ ತನ್ನ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆಂದು ಚಿಂತಾಮಣಿಗೆ ಹೊರಟಳು. ಬಾಗಿಲಲ್ಲಿ ನಿಂತು, "ಸಾಂಬಾರ್ ಬಿಸಿ ಮಾಡ್ಕೊಳಿ. ಕಂಪ್ಯೂಟರ್ ಮುಟ್ಬೇಡಿ," ಎಂದಳು.

"ನಾನ್ಯಾಕೆ ಮುಟ್ಲಿ?"

"ಅದೇ ನಂಗೂ ಗೊತ್ತಿಲ್ಲ. ಆದ್ರೂ ಮುಟ್ಬೇಡಿ."

ಅವಳ ಬಸ್ಸು ಊರು ದಾಟುವ ಮೊದಲೇ ನಾನು ಮುಟ್ಟಿದ್ದೆ. ಸಂಜೆ ಬಂದಾಗ ಬೆರಗಾಗಲಿ ಎಂಬ ಸದುದ್ದೇಶ. ಯಾರೂ ಬಂದು ತೊಂದರೆ ಕೊಡದಿರಲೆಂದು ಬಾಗಿಲಿಗೆ ಒಳಗಿನಿಂದ ಚಿಲಕವನ್ನೂ ಹಾಕಿಕೊಂಡೆ.

ಮೊದಲರ್ಧ ಸುಗಮವಾಗಿ ಸಾಗಿತು. ಭಾಷೆ ಯಾವುದು ಎಂದು ಹೊಸಬ ಕೇಳಿದ. ಅಭಿಮಾನದಿಂದ ಕನ್ನಡ ಎಂದೆ. ಅಲ್ಲಿಂದಾಚೆ ಅವನು ಆಡಿದ ಕನ್ನಡ ನನಗೆ ಅರ್ಥವಾಗಲಿಲ್ಲ! ಹಳಗನ್ನಡಕ್ಕಾದರೆ ಟಿಪ್ಪಣಿ ಇರುತ್ತದೆ. ಇದಕ್ಕೆ ಅದೂ ಇಲ್ಲ. ಇಬ್ಬರು ಯಜಮಾನರು ಇರಬೇಕಾದರೆ ಕಂಪ್ಯೂಟರಿನ ಒಳಗಿನ ಜಾಗವನ್ನು ಪಾಲು ಮಾಡಬೇಕಂತೆ. ನಮ್ಮ ಕಡೆ ಒಂದು ಗುಂಟೆ ಪಾಲು ಮಾಡಬೇಕಾದರೂ ಐದು ಜನ ಹಿರಿಯರು ಕೂತು ಎರಡು ಸಲ ಜಗಳವಾಡುತ್ತಾರೆ. ನಾನು ಒಬ್ಬನೇ, ಬನಿಯನ್ನಿನಲ್ಲಿ ಕೂತು, ಪಾಲಿಗೆ ಇಳಿದೆ.

ಆಗ ಪರದೆಯ ಮೇಲೆ ಒಂದು ವಾಕ್ಯ ಮೂಡಿತು. "ಆಯ್ದ ಸಾಧನದಲ್ಲಿ ಹೊಸ ವಿಭಜನಾ ಕೋಷ್ಟಕವನ್ನು ರಚಿಸಲಾಗುವುದು. ಮುಂದುವರೆಯಬೇಕೆ?"

ನನ್ನ ಕಣ್ಣು ಅರಳಿತು. ತಪ್ಪು! 'ಮುಂದುವರೆ' ಅಲ್ಲ, 'ಮುಂದುವರಿ'. ಎಷ್ಟು ಮಕ್ಕಳ ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ ಇದನ್ನು ಸುತ್ತಿದ್ದೇನೋ ಲೆಕ್ಕವಿಲ್ಲ. ತಪ್ಪು ಹಿಡಿದ ಆ ಖುಷಿಯಲ್ಲಿ ವಾಕ್ಯದ ಅರ್ಥವನ್ನು ನೋಡುವುದೇ ಮರೆತು 'ಹೌದು' ಒತ್ತಿದೆ.

ಹಳೆಯದನ್ನೆಲ್ಲ ಅಳಿಸಿ ಹೊಸ ಕೋಷ್ಟಕ ರಚನೆಯಾಯಿತು. ಹಳೆಯ ಯಜಮಾನ, ಅವನ ಆಸ್ತಿ, ವನಜಳ ಇಷ್ಟು ವರ್ಷದ ಲಗ್ನಪತ್ರಿಕೆಗಳು, ಎಲ್ಲವೂ ಮಾಯ! ಗಾಬರಿಯಾಗಿ, ಹೊಸಬ ಅರ್ಧ ಕೂತಿರುವಾಗಲೇ ಸ್ವಿಚ್ಚು ಆರಿಸಿದೆ. ಮತ್ತೆ ಹಾಕಿದಾಗ ಅವನೂ ಇರಲಿಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಸಣ್ಣ ಗೆರೆ. ಇಬ್ಬರು ಯಜಮಾನರನ್ನು ಬಯಸಿದ ಮನೆ ಅನಾಥವಾಗಿತ್ತು.

ಮತ್ತೆ ವಿಡಿಯೋ ಹಚ್ಚಿದೆ. ಆ ತರುಣ ಇನ್ನೂ ನಗುತ್ತಲೇ ಇದ್ದ. ಊಟ ಸೇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆನ್ನು ಹಿಡಿದು, ಕಣ್ಣಿಗೆ ಕತ್ತಲೆ ಬಂದು, ಕುರ್ಚಿಯಲ್ಲಿ ನರಳುತ್ತಾ ಕೂತಿದ್ದಾಗ ಬಾಗಿಲು ಬಡಿದ ಸದ್ದು.

"ಮೇಷ್ಟ್ರೇ, ನಾನು ಅಕ್ಬರ್. ಕಾರ್ಡ್ ಆಯ್ತೇನೋ ನೋಡೋಣಾಂತ ಬಂದೆ."

ಒಳಗೆ ಕರೆದರೆ ಕಪ್ಪು ಪರದೆ ಕಾಣುತ್ತದೆ. ಕೂತಲ್ಲಿಂದಲೇ ಕ್ಷೀಣ ಸ್ವರದಲ್ಲಿ ಹೇಳಿದೆ, "ಇವತ್ತು ಆಗಲ್ಲ ಸಾಬ್ರೇ. ಆಪರೇಟಿಂಗು... ಕೆಟ್ಟೋಯ್ತು."

"ಆಪರೇಷನ್ನಾ? ಯಾವಾಗ ಆಯ್ತು?"

"ಬೆಳಿಗ್ಗೆಯಿಂದ ನಾನೇ ಮಾಡ್ತಾ ಇದೀನಿ. ಅರ್ಧಕ್ಕೆ ನಿಂತೋಗಿದೆ."

"ನೀವೇ... ಮಾಡ್ತಾ ಇದೀರಾ?"

"ಫೋನಲ್ಲಿ ವಿಡಿಯೋ ನೋಡ್ಕೊಂಡು."

"ಯಾ ಅಲ್ಲಾ!"

"ಒಳಗಿರೋದನ್ನ ಸ್ವಲ್ಪ ಭಾಗ ಮಾಡೋಣಾಂತ ಹೋದೆ. ಎಲ್ಲಾ ಹೋಯ್ತು ಸಾಬ್ರೇ. ವನಜಂಗೆ ಮಾತ್ರ ಹೇಳ್ಬೇಡಿ!"

ಓಡಿಹೋದ ಹೆಜ್ಜೆಗಳ ಸದ್ದು ಕೇಳಿತು. ಪಾಪ, ಕಾರ್ಡು ಹೋದ ದುಃಖಕ್ಕೆ ಓಡಿದರು ಎಂದುಕೊಂಡೆ.

ಅವರು ಓಡಿದ್ದು ವನಜಳಿಗೆ ಫೋನು ಮಾಡಲು!

ನಾಮಕರಣದ ಊಟದ ಎಲೆಯ ಮುಂದಿನಿಂದ ಅವಳು ಎದ್ದು ಬಂದಳಂತೆ. ಅವಳ ಅಣ್ಣ ಕಾರನ್ನು ಹೇಗೆ ಓಡಿಸಿದನೋ ಕಾಣೆ. ನಾನು ಕಪ್ಪು ಪರದೆಯ ಮುಂದೆ ಇನ್ನೂ ಕೈಮುಗಿದು ಕೂತಿರುವಾಗಲೇ ಬಾಗಿಲು ಮುರಿಯುವಂತೆ ಬಡಿದರು. ತೆರೆದೆ. ವನಜ, ಅವಳ ಅಣ್ಣ, ಅಕ್ಬರ್ ಸಾಬರು, ಅವರ ಹಿಂದೆ ಅರ್ಧ ಬೀದಿ! ಭಾವಮೈದುನನ ಕೈಯಲ್ಲಿ ಎಳನೀರು. "ಬಾವಾ, ಎಲಾ ಉಂದಿ, ಹೇಗಿದೀರಾ? ರಕ್ತ ಜಾಸ್ತಿ ಹೋಯ್ತಾ?" ಎಂದ.

ವನಜ ನನ್ನ ಬನಿಯನ್ ಎತ್ತಿ ಹೊಟ್ಟೆ ಸವರಿ ನೋಡಿದಳು. "ಎಲ್ಲಿ ಕುಯ್ಕೊಂಡ್ರಿ? ತೋರ್ಸಿ! ಅಂಥ ನೋವಿದ್ರೆ ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ?" ಕಣ್ಣಲ್ಲಿ ನೀರು. ಮದುವೆಯಾದಂದಿನಿಂದ ನನಗಾಗಿ ಅವಳು ಇಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಎಲ್ಲಾದರೂ ಒಂದು ಗಾಯ ಇದ್ದಿದ್ದರೆ ಎಂದು ಮನಸಾರೆ ಹಂಬಲಿಸಿದೆ.

"ನಂಗೇನೂ ಆಗಿಲ್ಲ ಕಣೇ," ಎಂದೆ. "ಆಪರೇಷನ್ ಆಗಿದ್ದು ಅದಕ್ಕೆ."

ಎಲ್ಲರೂ ಕಂಪ್ಯೂಟರಿನ ಕಡೆ ತಿರುಗಿದರು. ಗೆರೆ ಮಿಣುಕುತ್ತಿತ್ತು.

ವನಜ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಕಾರ್ಡ್‌ಗಳು?"

ಹೋದವು ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು. ಕುರ್ಚಿ ಎಳೆದು ಆ ಪರದೆಯ ಮುಂದೆ ಕೂತಳು. ಭಾವಮೈದುನ ಎಳನೀರನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ತಾನೇ ಕುಡಿದ.

ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಕಂಪ್ಯೂಟರನ್ನು ಬಿಚ್ಚಿ ನೋಡಿ, ಒಳಗೆ ಉಳಿದದ್ದು ಧೂಳು ಮಾತ್ರ ಎಂದರು. ಹಿಂದಿನ ರೀತಿಯಲ್ಲೇ ಒಬ್ಬ ಯಜಮಾನನನ್ನು ಕೂರಿಸಿ ಕಳಿಸಿದರು. ಸಾಬರ ಹೆಂಡತಿಯ ಫೋನಿಗೆ ವನಜ ಹಿಂದೊಮ್ಮೆ ಕಾರ್ಡಿನ ಚಿತ್ರ ಕಳಿಸಿದ್ದಳು. ಅದನ್ನು ಮುಂದಿಟ್ಟುಕೊಂಡು ಇಬ್ಬರೂ ಹೆಂಗಸರು ಮತ್ತೆ ಮೊದಲಿನಿಂದ ಕೂತರು. ಆಕೆ ಉರ್ದು ಸಾಲುಗಳನ್ನು ಓದಿ ಹೇಳುವುದು, ಇವಳು ಜೋಡಿಸುವುದು. ಉಳಿದ ಹಳೆಯ ಮಾದರಿಗಳು ಹೋದವು ಹೋದವೇ. ಕಾಗುಣಿತ ನೋಡಿಕೊಡಲೇ ಎಂದು ನಾನು ಕೇಳಿದೆ. ಟೀ ಮಾಡಿಕೊಡಿ ಎಂಬ ಉತ್ತರ ಬಂತು. ಮಾಡಿಕೊಟ್ಟೆ. ಸಕ್ಕರೆ ಜಾಸ್ತಿಯಾಯಿತಂತೆ.

ಪತ್ರಿಕೆ ಸಮಯಕ್ಕೆ ಅಚ್ಚಾಯಿತು. ಬಳ್ಳಿಯ ಬಣ್ಣ ಮೊದಲಿಗಿಂತ ಚೆನ್ನಾಗಿ ಬಂತೆಂದು ಸಾಬರು ಹೇಳಿದರು. ಮದುವೆಯ ದಿನ ನಮ್ಮನ್ನು ಕೈಹಿಡಿದು ಕರೆದೊಯ್ದು ಊಟಕ್ಕೆ ಕೂರಿಸಿದರು. ಬಿರಿಯಾನಿಯ ಘಮಲಿಗೆ ನನ್ನ ಅಷ್ಟೂ ದಿನದ ದಣಿವು ಇಳಿಯತೊಡಗಿತ್ತು. ಸಾಲಿನಲ್ಲಿ ಎಲ್ಲರ ತಟ್ಟೆಗೂ ಬಡಿಸುತ್ತಾ ಬಂದ ಸಾಬರ ಪರವೂರಿನ ತಮ್ಮ ನನ್ನ ಮುಂದೆ ಬಂದವನೇ ಸೌಟು ಹಿಂದಕ್ಕೆ ತೆಗೆದ.

"ಮೇಷ್ಟ್ರೇ, ನಿಮಗೆ ಖಾರ, ಎಣ್ಣೆ ಆಗಲ್ಲ ಅಲ್ವಾ? ಹೊಟ್ಟೆ ಆಪರೇಷನ್ ಹೊಸದು. ನಿಮಗೇಂತ ಬೇರೆ ಮಾಡಿಸಿದೀವಿ."

ಒಬ್ಬಾತ ಬಟ್ಟಲು ತುಂಬ ಮೊಸರನ್ನ ತಂದಿಟ್ಟ. ಆಪರೇಟಿಂಗ್ ಸಿಸ್ಟಂ ಎಂದರೇನೆಂದು ವಿವರಿಸಲು ನಾನು ಬಾಯಿ ತೆರೆದೆ. ಪಕ್ಕದಿಂದ ವನಜ ಒಮ್ಮೆ ನೋಡಿದಳು. ತೆರೆದ ಬಾಯಿಗೆ ಮೊಸರನ್ನವನ್ನೇ ಹಾಕಿಕೊಂಡೆ. ಉಪ್ಪು ಸರಿಯಾಗಿತ್ತು.